ಜ್ವರಕ್ಕೆ ಕೂರದ ಹುಳು

ಹುಳುಮನೆಯಲ್ಲಿ ಜ್ವರ ಎಂದರೆ ಕಾಯಿಲೆಯಲ್ಲ, ಶುಭಸಮಾಚಾರ. ರೇಷ್ಮೆಹುಳು ಸೊಪ್ಪು ಮೇಯುವುದನ್ನು ಬಿಟ್ಟು, ತಲೆ ಎತ್ತಿ, ಹೆಚ್ಚುಕಡಿಮೆ ಒಂದು ದಿನ ಅಲ್ಲಾಡದೆ ಕೂತು ಹಳೆಯ ಚರ್ಮ ಕಳಚುವುದಕ್ಕೆ ನಮ್ಮ ಕಡೆಯ ರೈತರು ಇಟ್ಟಿರುವ ಹೆಸರು ಅದು. ಒಂದನೇ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತಾ ನಾಲ್ಕು ದಾಟಿದರೆ ಹುಳು ಹಣ್ಣಾಗುವ ದಾರಿ ಹಿಡಿದ ಹಾಗೆ. ಕನಕಪುರದ ಹತ್ತಿರದ ನಮ್ಮ ಚಿಕ್ಕಮ್ಮನ ಮನೆಗೆ ಹೋದ ಮಳೆಗಾಲ ನಾನು ಹೋದಾಗ ಮೂರನೇ ಜ್ವರ ನಡೆದಿತ್ತು. ತಟ್ಟೆ ತುಂಬ ಹುಳುಗಳು ಜಪಕ್ಕೆ ಕೂತಂತೆ ಕೂತಿದ್ದವು. ನಾಲ್ಕೈದು ಮಾತ್ರ ತಟ್ಟೆಯ ಅಂಚು ಹಿಡಿದು ಸುಮ್ಮನೆ ಸುತ್ತುತ್ತಿದ್ದವು.

‘ಇವಕ್ಕೆ ಇನ್ನು ಜ್ವರ ಬರಲ್ಲ ಕಣಪ್ಪ. ಹಾಲುತೊಂಡೆ’ ಎಂದರು ಚಿಕ್ಕಮ್ಮ. ಒಂದನ್ನು ಕಡ್ಡಿಯಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಚರ್ಮ ಎಣ್ಣೆ ಸವರಿದಂತೆ ಮಿರುಗುತ್ತಿತ್ತು. ಮೈಯ ಒಂದೊಂದು ಮಡಿಕೆಯೂ ಊದಿಕೊಂಡು ಬಿದಿರಿನ ಗೆಣ್ಣಿನ ಹಾಗೆ ಎದ್ದು ಕಾಣುತ್ತಿತ್ತು. ಕಡ್ಡಿ ಕಾಲಿನ ಬುಡಕ್ಕೆ ತಾಗಿದ್ದೇ ತಡ, ಚರ್ಮ ಒಡೆದು ಬಿಳಿ ಹನಿಯೊಂದು ತೊಟ್ಟಿಕ್ಕಿತು. ಆರೋಗ್ಯವಾಗಿರುವ ಹುಳುವಿನ ರಕ್ತ ತಿಳಿಯಾಗಿ, ತುಸು ಹಳದಿಯಾಗಿ ಇರುತ್ತದೆ. ಇದು ಅಪ್ಪಟ ಹಾಲು. ‘ಒಂದು ಹನಿ ಸೊಪ್ಪಿನ ಮೇಲೆ ಬಿದ್ರೆ ಸಾಕು, ಬೆಳೆ ಹೋದಂಗೇ’ ಎನ್ನುತ್ತಾ ಹುಳುವನ್ನು ಬ್ಲೀಚಿಂಗ್ ಪೌಡರ್ ಕಲಸಿದ ಡಬ್ಬಕ್ಕೆ ಹಾಕಿದರು.

ಆ ಹಾಲಿನ ಬಿಳುಪು ಬಂದದ್ದು ಹರಳುಗಳಿಂದ. ಬ್ಯಾಕ್ಯುಲೊವೈರಸ್ ಎಂಬ ವೈರಾಣು ಕುಟುಂಬಕ್ಕೆ ಸೇರಿದ ಎನ್‌ಪಿವಿ ತನ್ನ ಮರಿಗಳನ್ನು ಪ್ರೋಟೀನಿನ ಪುಟ್ಟ ಹರಳುಗಳೊಳಗೆ ತುಂಬಿ ಮುಚ್ಚಿಡುತ್ತದೆ. ಮಣ್ಣಿನಲ್ಲೋ ಹುಳುಮನೆಯ ಗೋಡೆಯ ಸಂದಿನಲ್ಲೋ ವರ್ಷಗಟ್ಟಲೆ ಬಿದ್ದಿದ್ದರೂ ಈ ಹರಳು ಕೆಡುವುದಿಲ್ಲ. ಸೊಪ್ಪಿನ ಜೊತೆ ಹುಳುವಿನ ಹೊಟ್ಟೆ ಸೇರಿತೋ, ಅಲ್ಲಿನ ಸುಣ್ಣದ ನೀರಿನಂಥ ಕ್ಷಾರಕ್ಕೆ ಕರಗಿ ಬಾಗಿಲು ತೆರೆಯುತ್ತದೆ. ಇಷ್ಟನ್ನು ಹುಳು ಸಾಕುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ವೈರಾಣು ಒಳಗೆ ಬಂದು, ಲಕ್ಷೋಪಲಕ್ಷವಾಗಿ ಬೆಳೆದು, ರಕ್ತವನ್ನೇ ಹಾಲು ಮಾಡುವ ತನಕ ಹುಳುವಿನ ಮೈ ಏನು ಮಾಡುತ್ತಿತ್ತು? ತಡೆಯಲು ಅದಕ್ಕೆ ಏನೂ ಇರಲಿಲ್ಲವೇ?

ಇತ್ತು, ಬೇಕಾದಷ್ಟಿತ್ತು. ಕೀಟಗಳಿಗೆ ನಮ್ಮ ಹಾಗೆ ಆಂಟಿಬಾಡಿಗಳಿಲ್ಲ. ಒಮ್ಮೆ ಬಂದ ರೋಗವನ್ನು ನಮ್ಮ ಮೈ ನೆನಪಿಡುವ ಬಗೆಯಲ್ಲಿ ನೆನಪಿಡುವ ಬಿಳಿ ರಕ್ತಕಣಗಳೂ ಇಲ್ಲ. ಅಷ್ಟರಿಂದಲೇ ಹುಳುಹುಪ್ಪಟೆಗಳ ರಕ್ಷಣೆ ಬರೀ ಒರಟು ಎಂಬ ಅಭಿಪ್ರಾಯ ಬಹುಕಾಲ ಇತ್ತು. 1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಜೂಲ್ಸ್ ಹಾಫ್‌ಮನ್ ತಂಡ ‘ಟೋಲ್’ ಎಂಬ ಒಂದು ಜೀನು ಕೆಟ್ಟ ಹಣ್ಣುನೊಣ ಬೂಷ್ಟಿಗೆ ತುತ್ತಾಗಿ ಸಾಯುವುದನ್ನು ತೋರಿಸಿತು. ಸತ್ತ ನೊಣದ ಮೈಯೆಲ್ಲ ಹಳಸಿದ ರೊಟ್ಟಿಯಂತೆ ಬೂಷ್ಟು ಕವಿದ ಚಿತ್ರ ಜೀವಶಾಸ್ತ್ರ ಓದಿದವರಿಗೆಲ್ಲ ನೆನಪಿರುತ್ತದೆ. ಅದೇ ಬಗೆಯ ಜೀನುಗಳು ನಮ್ಮೊಳಗೂ ಇವೆ ಎಂದು ತಿಳಿದ ಮೇಲೆ ಕೀಟದ ಮೈಯ ಮೇಲಿನ ತಾತ್ಸಾರ ಹೋಯಿತು. 2011ರಲ್ಲಿ ಹಾಫ್‌ಮನ್ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ಬಂತು.

ಬೂಷ್ಟು, ಬ್ಯಾಕ್ಟೀರಿಯಾಗಳ ಮಾತು ಹಾಗಿರಲಿ. ವೈರಾಣುವಿನ ಎದುರು ಕೀಟದ ಮುಖ್ಯ ಆಯುಧ ಒಂದು ಈಳಿಗೆ. ಆರ್‌ಎನ್‌ಎ ಜೀನುಗಳಿರುವ ವೈರಾಣು ಜೀವಕೋಶದೊಳಗೆ ತನ್ನ ನಕಲು ತೆಗೆಯುವಾಗ ಹಳೆಯ ಎಳೆ, ಹೊಸ ಎಳೆ ಸೇರಿ ಉದ್ದನೆಯ ಜೋಡಿ ಎಳೆಯಾಗುತ್ತದೆ. ಇಂಥ ಉದ್ದದ ಜೋಡಿ ಎಳೆ ಕೋಶದ ಸ್ವಂತ ವ್ಯವಹಾರದಲ್ಲಿ ಅಪರೂಪ. ಕಂಡರೆ ಕಳ್ಳ ಬಂದಿದ್ದಾನೆಂದೇ ಅರ್ಥ. ‘ಡೈಸರ್-2’ ಎಂಬ ಪ್ರೋಟೀನು ಅದನ್ನು ಹುರುಳಿಕಾಯಿ ಹೆಚ್ಚಿದಂತೆ 21 ಅಕ್ಷರಗಳ ಸಮ ತುಂಡುಗಳಾಗಿ ಹೆಚ್ಚುತ್ತದೆ. ಆ ತುಂಡನ್ನು ‘ಆರ್ಗೊನಾಟ್-2’ ಎಂಬ ಇನ್ನೊಂದು ಪ್ರೋಟೀನು ಗುರುತಿನ ಚೀಟಿಯಂತೆ ಹಿಡಿದು ಕೋಶವಿಡೀ ಅಲೆಯುತ್ತದೆ. ಚೀಟಿಗೆ ತಾಳೆಯಾಗುವ ವೈರಾಣುವಿನ ಎಳೆ ಎಲ್ಲಿ ಸಿಕ್ಕಿದರೂ ಕತ್ತರಿಸಿ ಹಾಕುತ್ತದೆ. ಶತ್ರುವಿನ ಮೈಯಿಂದಲೇ ಕತ್ತರಿಸಿದ ಚೂರು ಶತ್ರುವನ್ನು ಹಿಡಿಯುವ ಗುರುತಾಗುವ ಈ ಏರ್ಪಾಡಿಗೆ ಆರ್‌ಎನ್‌ಎ ಹಸ್ತಕ್ಷೇಪ ಎನ್ನುತ್ತಾರೆ. ಇದರ ಮೂಲ ಗುಟ್ಟನ್ನು ಒಂದು ಸಣ್ಣ ದುಂಡುಹುಳುವಿನಲ್ಲಿ 1998ರಲ್ಲಿ ಬಿಡಿಸಿದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲೊ ಅವರಿಗೆ 2006ರ ನೊಬೆಲ್ ಸಿಕ್ಕಿತು.

ಇಷ್ಟು ಜಾಣ ಆಯುಧ ಇದ್ದೂ ಕೀಟಗಳು ವೈರಾಣುಗಳಿಂದ ಸಾಯುತ್ತಲೇ ಇವೆಯಲ್ಲ ಎಂಬ ಸಂಶಯಕ್ಕೆ ಮೊದಲ ಒಳ್ಳೆಯ ಉತ್ತರ ಸಿಕ್ಕಿದ್ದು ನ್ಯೂಜಿಲೆಂಡಿನ ಹುಲ್ಲುಗಾವಲಿನ ಒಂದು ವೈರಾಣುವಿನಿಂದ. ಅಲ್ಲಿನ ಹುಲ್ಲಿನ ಬೇರು ತಿನ್ನುವ ಗೊಣ್ಣೆಹುಳುವಿನಲ್ಲಿ ಸಿಕ್ಕಿದ್ದಕ್ಕೆ, ಸಿಕ್ಕಿದ ಜಾಗದ ಹೆಸರನ್ನೇ ಕೊಟ್ಟು ‘ಫ್ಲಾಕ್ ಹೌಸ್ ವೈರಸ್’ ಎಂದಿದ್ದರು. ಇಡೀ ವೈರಾಣುವಿನಲ್ಲಿರುವುದು ಎರಡೇ ಎಳೆ ಆರ್‌ಎನ್‌ಎ. ನಮ್ಮ ಹಳ್ಳಿಯ ಪಡಿತರ ಚೀಟಿಯಲ್ಲಿ ಇದಕ್ಕಿಂತ ಹೆಚ್ಚು ವಿವರ ಇರುತ್ತದೆ. ಅಷ್ಟು ಬಡ ಸಂಸಾರದಲ್ಲೂ ಅದು ‘ಬಿ2’ ಎಂಬ ಪುಟ್ಟ ಪ್ರೋಟೀನಿಗೆ ಜಾಗ ಮಾಡಿಕೊಂಡಿತ್ತು. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿದ್ದ ಶೌ-ವೇ ಡಿಂಗ್ ಅವರು ಸೌತೆಗಿಡದ ಎಲೆ ಮಚ್ಚೆಯಾಗಿಸುವ ವೈರಾಣುವಿನಲ್ಲಿ ಇಂಥದೇ ಒಂದು ಪ್ರೋಟೀನಿನ ಕೆಲಸ ಅರಿತವರು. 2002ರಲ್ಲಿ ಅವರ ತಂಡ ಬಿ2 ಕಿತ್ತುಹಾಕಿದ ವೈರಾಣುವನ್ನು ಹಣ್ಣುನೊಣದ ಜೀವಕೋಶಗಳಿಗೆ ಬಿಟ್ಟಿತು. ಅದು ತಲೆ ಎತ್ತಲಿಲ್ಲ. ಆಮೇಲೆ ಕೋಶಗಳಲ್ಲಿ ಆರ್ಗೊನಾಟ್-2 ಇಲ್ಲದಂತೆ ಮಾಡಿ ನೋಡಿದರು. ಅದೇ ಕೈಕಾಲಿಲ್ಲದ ವೈರಾಣು ಮತ್ತೆ ಸೊಂಪಾಗಿ ಬೆಳೆಯಿತು. ಅಂದರೆ ಬಿ2ಗೆ ಇದ್ದ ಕೆಲಸ ಈಳಿಗೆಯನ್ನು ಮೊಂಡು ಮಾಡುವುದು.

ಅದು ಹೇಗೆ ಎಂಬುದು ಬಿ2 ಪ್ರೋಟೀನನ್ನೇ ಹರಳುಗಟ್ಟಿಸಿ ತೆಗೆದ ಚಿತ್ರಗಳು ಬಂದಾಗ ತಿಳಿಯಿತು. ಎರಡು ಬಿ2 ಅಣುಗಳು ಜೊತೆಯಾಗಿ ಜೋಡಿ ಎಳೆಯ ಉದ್ದಕ್ಕೂ ಮಲಗಿ ಮುಚ್ಚಿಬಿಡುತ್ತವೆ. ಡೈಸರಿಗೆ ಅಲಗು ಇಡಲು ಸಂದು ಸಿಗುವುದಿಲ್ಲ. ತಪ್ಪಿ ಒಂದಷ್ಟು ತುಂಡಾದರೂ ಆ ತುಂಡುಗಳನ್ನೂ ಇದೇ ಪ್ರೋಟೀನು ಹಿಡಿದಿಟ್ಟುಕೊಳ್ಳುತ್ತದೆ, ಆರ್ಗೊನಾಟಿನ ಕೈಗೆ ಚೀಟಿ ಹೋಗುವುದಿಲ್ಲ. ಹಣ್ಣುನೊಣವನ್ನು ಕಾಡುವ ‘ಡ್ರೊಸೊಫಿಲಾ ಸಿ’ ವೈರಾಣುವಿನದೂ ಇದೇ ಮುಚ್ಚುವ ಉಪಾಯ. ಅದರ ದಾಯಾದಿ ಚಿಮ್ಮಂಡೆ ಹುಳುವಿನ ವೈರಾಣು ಮಾತ್ರ ಎಳೆಯ ಗೊಡವೆಗೆ ಹೋಗದೆ ನೇರವಾಗಿ ಆರ್ಗೊನಾಟ್-2ರ ಕೊರಳಿಗೇ ಕೈಹಾಕುತ್ತದೆ. ಇಂಥ ಕಾಟ ತಡೆಯಲಾರದೆ ನೊಣವೂ ತನ್ನ ಈಳಿಗೆಯ ಆಕಾರ ಬದಲಿಸುತ್ತಲೇ ಬಂದಿದೆ. ಹಣ್ಣುನೊಣದ ಜೀನುಗಳಲ್ಲಿ ಅತಿ ವೇಗವಾಗಿ ಬದಲಾಗುತ್ತಿರುವವುಗಳ ಸಾಲಿನಲ್ಲಿ ಡೈಸರ್-2, ಆರ್ಗೊನಾಟ್-2 ಮುಂದೆ ನಿಲ್ಲುತ್ತವೆ.

ಮತ್ತೆ ಚಿಕ್ಕಮ್ಮನ ತಟ್ಟೆಗೆ ಬರೋಣ. ರೇಷ್ಮೆಹುಳುವಿನ ಎನ್‌ಪಿವಿ ಮೇಲಿನವುಗಳಂತೆ ಬಡವನಲ್ಲ. ಅದರದು ಡಿಎನ್‌ಎ ಸಂಸಾರ, ನೂರಕ್ಕೂ ಮೇಲೆ ಜೀನುಗಳು. ಆದ್ದರಿಂದ ಅದರ ಕೈವಾಡಗಳೂ ಹೆಚ್ಚು. ಇದರ ಎದುರು ಹುಳುವಿಗಿರುವ ಕೊನೆಯ ಅಸ್ತ್ರ ಆತ್ಮಹತ್ಯೆ. ಸೋಂಕಿದ ಜೀವಕೋಶ, ವೈರಾಣು ಮರಿಹಾಕುವ ಮೊದಲೇ ತನ್ನನ್ನು ತಾನೇ ಚೂರುಚೂರು ಮಾಡಿಕೊಂಡು ಸಾಯುತ್ತದೆ. ಮನೆಗೆ ಬೆಂಕಿ ಬಿದ್ದರೂ ಸರಿ, ಬೀದಿ ಉಳಿಯಲಿ ಎಂಬ ಲೆಕ್ಕ. ಈ ಕೆಲಸ ಮಾಡುವ ಕಿಣ್ವಗಳಿಗೆ ಕ್ಯಾಸ್ಪೇಸ್ ಎಂದು ಹೆಸರು. ಇವು ಪ್ರೋಟೀನು ಕತ್ತರಿಸುವ ಚಾಕುಗಳು.

ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಲೋಯಿಸ್ ಮಿಲ್ಲರ್ ಅವರ ಪ್ರಯೋಗಾಲಯದಲ್ಲಿ 1991ರ ಸುಮಾರಿಗೆ ಬ್ಯಾಕ್ಯುಲೊವೈರಸ್‌ನ ಒಂದು ವಿಚಿತ್ರ ತಳಿ ಕಣ್ಣಿಗೆ ಬಿತ್ತು. ಅದನ್ನು ಸೋಂಕಿಸಿದರೆ ಕೀಟದ ಜೀವಕೋಶಗಳು ವೈರಾಣು ಬೆಳೆಯುವ ಮೊದಲೇ ಗುಳ್ಳೆಗುಳ್ಳೆಯಾಗಿ ಸಿಡಿದು ಹೋಗುತ್ತಿದ್ದವು. ಆ ತಳಿಯಲ್ಲಿ ‘ಪಿ35’ ಎಂಬ ಒಂದೇ ಒಂದು ಜೀನು ಕೆಟ್ಟಿತ್ತು. ಅಂದರೆ ಮಾಮೂಲು ವೈರಾಣು ಆ ಜೀನಿನಿಂದಲೇ ಕೋಶದ ಕೈ ಹಿಡಿದು ‘ಸಾಯಬೇಡ, ನಿಲ್ಲು’ ಎನ್ನುತ್ತಿತ್ತು. ಪಿ35 ಮಾಡುವ ಮೋಸ ಬಲು ಚೆಂದ. ಎಣ್ಣೆ ಸವರದ ಚಾಕು ಹಲಸಿನ ಹಣ್ಣಿಗೆ ಹಾಕಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಪಿ35 ತಾನೇ ಮುಂದೆ ಹೋಗಿ ಕ್ಯಾಸ್ಪೇಸಿನ ಬಾಯಿಗೆ ಸಿಗುತ್ತದೆ. ಚಾಕು ಅದನ್ನು ಕತ್ತರಿಸುತ್ತದೆ. ಕತ್ತರಿಸಿದ ಕ್ಷಣವೇ ಪಿ35ರ ಆಕಾರ ಬದಲಾಗಿ ಅಲಗನ್ನು ಅಂಟಿನಂತೆ ಹಿಡಿದುಕೊಳ್ಳುತ್ತದೆ. ಇನ್ನು ಆ ಚಾಕು ಬೇರೆ ಏನನ್ನೂ ಕತ್ತರಿಸಲಾರದು. ಎರಡು ವರ್ಷದ ನಂತರ ಇದೇ ಪ್ರಯೋಗಾಲಯ ಸೇಬುಹಣ್ಣು ಕೊರೆಯುವ ಹುಳುವಿನ ವೈರಾಣುವಿನಲ್ಲಿ ಸಾವು ತಡೆಯುವ ಇನ್ನೊಂದು ಬಗೆಯ ಪ್ರೋಟೀನನ್ನು ಪತ್ತೆ ಮಾಡಿತು. ಅದರ ನಂಟರು ಮನುಷ್ಯರ ಕೋಶಗಳಲ್ಲೂ ಸಿಕ್ಕಿ, ಸಾಯಲು ಒಲ್ಲದ ಕ್ಯಾನ್ಸರ್ ಕೋಶಗಳ ಅಧ್ಯಯನಕ್ಕೆ ಹೊಸ ದಾರಿಯಾಯಿತು. ಹುಳುವಿನ ರೋಗ ಓದುವುದು ದಂಡದ ಕೆಲಸ ಎನ್ನುವ ಹಣಕಾಸಿನ ಅಧಿಕಾರಿಗಳಿಗೆ ಇದನ್ನು ಯಾರಾದರೂ ಹೇಳಬೇಕು.

ಜ್ವರದ ವಿಷಯಕ್ಕೆ ನಾನು ಬರಬೇಕೆಂದುಕೊಂಡೇ ತಡಮಾಡಿದೆ. ಹುಳುವನ್ನು ಜ್ವರಕ್ಕೆ ಕೂರಿಸುವುದು ಎಕ್ಡೈಸೋನ್ ಗುಂಪಿನ ಹಾರ್ಮೋನು. ಮಿಲ್ಲರ್ ಮತ್ತು ಡೇವಿಡ್ ಓ'ರೈಲಿ 1989ರಲ್ಲಿ ಬ್ಯಾಕ್ಯುಲೊವೈರಸ್‌ನಲ್ಲಿ ‘ಇಜಿಟಿ’ ಎಂಬ ಜೀನನ್ನು ಗುರುತಿಸಿದರು. ಅದು ಮಾಡುವುದು ಇಷ್ಟೆ: ಆ ಹಾರ್ಮೋನಿನ ಅಣುವಿಗೆ ಒಂದು ಸಕ್ಕರೆ ಅಣು ಅಂಟಿಸುವುದು. ಸಕ್ಕರೆ ಅಂಟಿದ ಹಾರ್ಮೋನು ಕೆಲಸಕ್ಕೆ ಬಾರದು. ಹುಳುವಿಗೆ ಜ್ವರ ಬರುವುದಿಲ್ಲ. ಹಸಿವು ಮಾತ್ರ ಇರುತ್ತದೆ. ಪೊರೆ ಬಿಡುವ ಹೊತ್ತಿಗೆ ಕರುಳಿನ ಒಳಪದರದ ಸೋಂಕಿದ ಕೋಶಗಳನ್ನೂ ಕಳಚಿ ಹೊರಹಾಕುವ ಅವಕಾಶ ಕಂಬಳಿಹುಳುಗಳಿಗಿದೆ. ಅದೂ ತಪ್ಪಿಹೋಗುತ್ತದೆ. ವೈರಾಣು ಅದಕ್ಕೂ ಕಾಯುವುದಿಲ್ಲ ಅನ್ನಿ, ಕರುಳಿನಿಂದ ಉಸಿರುನಾಳಗಳ ಕೋಶಗಳಿಗೆ ದಾಟಿ, ಆ ಕೊಳವೆ ಜಾಲ ಹಿಡಿದು ಮೈಯೆಲ್ಲ ಹರಡಿಬಿಡುತ್ತದೆ. ಇಜಿಟಿ ತೆಗೆದ ವೈರಾಣು ಹುಳುವನ್ನು ಇನ್ನೂ ಬೇಗ ಕೊಲ್ಲುತ್ತದೆ ಎಂಬುದು ಮೊದಲು ಓದಿದಾಗ ನನಗೆ ತಲೆಕೆಳಗಾಗಿ ಕಂಡಿತ್ತು. ಆದರೆ ಬೇಗ ಸತ್ತ ಹುಳುವಿನಲ್ಲಿ ಹರಳಿನ ಫಸಲೂ ಕಡಿಮೆ. ಮೇಯಿಸಿ, ಕೊಬ್ಬಿಸಿ, ಆಮೇಲೆ ಕೊಯ್ಯುವುದು ಎನ್‌ಪಿವಿಯ ಬೇಸಾಯ. ಹಾಗೆ ನೋಡಿದರೆ ಹುಳುಮನೆಯಲ್ಲಿ ಹುಳು ಸಾಕುತ್ತಿರುವವರು ಇಬ್ಬರು.

ಕೊಯ್ಲು ಹೇಗಿರುತ್ತದೆ ಎಂಬುದನ್ನು ಯುರೋಪಿನ ಅರಣ್ಯದವರು ಹತ್ತೊಂಬತ್ತನೇ ಶತಮಾನದಲ್ಲೇ ಗಮನಿಸಿದ್ದರು. ರೋಗ ಬಡಿದ ಕಂಬಳಿಹುಳುಗಳು ಮರದ ತುದಿಗೆ ಹತ್ತಿ, ತಲೆಕೆಳಗಾಗಿ ನೇತುಬಿದ್ದು ಸಾಯುತ್ತಿದ್ದವು. ಜರ್ಮನರು ಅದನ್ನು ಮರದ ತುದಿಯ ರೋಗ ಎಂದರು. 2011ರಲ್ಲಿ ಪೆನ್ಸಿಲ್ವೇನಿಯಾದ ಕೆಲ್ಲಿ ಹೂವರ್ ಮತ್ತು ಜೊತೆಗಾರರು ಜಿಪ್ಸಿ ಪತಂಗದ ಹುಳುಗಳನ್ನು ಎತ್ತರದ ಬಾಟಲಿಗಳಲ್ಲಿ ಬಿಟ್ಟು ನೋಡಿದರು. ಇಜಿಟಿ ಇದ್ದ ವೈರಾಣು ತಗುಲಿದವು ಬಾಟಲಿಯ ಮೇಲ್ಭಾಗದಲ್ಲಿ ಸತ್ತವು, ಇಲ್ಲದವು ತಳದಲ್ಲಿ. ಎಲ್ಲ ಹುಳುಗಳಲ್ಲೂ ಇದೊಂದೇ ಜೀನಿನ ಕೆಲಸ ಎನ್ನುವಂತಿಲ್ಲ. ರೇಷ್ಮೆಹುಳುವಿನ ಅಂಚು ಸುತ್ತುವ ಚಟಕ್ಕೆ ‘ಪಿಟಿಪಿ’ ಎಂಬ ಬೇರೊಂದು ವೈರಾಣು ಜೀನು ಬೇಕೆಂದು 2005ರಲ್ಲಿ ಗೊತ್ತಾಗಿದೆ. ಹುಳು ಸತ್ತ ಮೇಲೆ ವೈರಾಣುವಿನ ಇನ್ನೆರಡು ಕಿಣ್ವಗಳು ಚರ್ಮವನ್ನೂ ಮಾಂಸವನ್ನೂ ಕರಗಿಸುತ್ತವೆ. ಮೇಲಿನಿಂದ ಹಾಲು ಸುರಿದು ಕೆಳಗಿನ ಎಲೆಗಳ ಮೇಲೆ ಬೀಳುತ್ತದೆ.

ರಾಮನಗರ, ಶಿಡ್ಲಘಟ್ಟದವರಿಗೆ ಶನಿಯಾದ ಈ ಕುಟುಂಬವೇ ಕಲಬುರಗಿಯ ತೊಗರಿ ಹೊಲದಲ್ಲಿ ನೆಂಟ. ಕಾಯಿಕೊರಕಕ್ಕೆ ಹೊಡೆಯುವ ಎನ್‌ಪಿವಿ ಇದರದೇ ಬಳಗ, ಆದರೆ ಅದು ಕಾಯಿಕೊರಕಕ್ಕಷ್ಟೇ ಮೀಸಲು. ಅಲ್ಲಿ ಅಳತೆಯೇ ಹುಳುವಿನ ಲೆಕ್ಕದಲ್ಲಿ. ಹೆಕ್ಟೇರಿಗೆ 250 ‘ಎಲ್‌ಇ’ (ಲಾರ್ವಲ್ ಇಕ್ವಿವಲೆಂಟ್, ಅಂದರೆ ಹುಳುವಿಗೆ ಸಮ) ಎನ್ನುತ್ತಾರೆ, ಒಂದು ಎಲ್‌ಇ ಎಂದರೆ 600 ಕೋಟಿ ಹರಳು. ಬಿಸಿಲಿಗೆ ಕೆಡುತ್ತದೆಂದು ಸಂಜೆ ಹೊತ್ತು, ಒಂದಿಷ್ಟು ಬೆಲ್ಲ ಬೆರೆಸಿ ಹೊಡೆಯುತ್ತಾರೆ.

ಇಲ್ಲಿಯವರೆಗೆ ಬಂದ ವೈರಾಣುಗಳಿಗೆಲ್ಲ ಕೀಟ ಸತ್ತರೆ ನಷ್ಟವಿಲ್ಲ. ಕೀಟ ಬದುಕಿರಲೇಬೇಕಾದ ವೈರಾಣು ಏನು ಮಾಡಬೇಕು? ಬೆಂಗಳೂರಿನಲ್ಲಿ ಮಳೆ ನಿಂತು ವಾರ ಕಳೆದರೆ ಎಲ್ಲರ ಬಾಯಲ್ಲೂ ಬರುವ ಡೆಂಗಿಯದು ಈ ಸಮಸ್ಯೆ. ಸೊಳ್ಳೆ ಹೀರಿದ ರಕ್ತದಿಂದ ಕರುಳು, ಕರುಳಿನಿಂದ ಮೈ, ಮೈಯಿಂದ ಜೊಲ್ಲುಗ್ರಂಥಿ ತಲುಪಲು ವೈರಾಣುವಿಗೆ ಎಂಟು ಹತ್ತು ದಿನವಾದರೂ ಬೇಕು. ಅಷ್ಟು ದಿನ ಸೊಳ್ಳೆ ಹಾರಾಡಿಕೊಂಡು, ಹಸಿದುಕೊಂಡು, ಕಚ್ಚಿಕೊಂಡು ಇರಬೇಕು. ಮಂಕು ಹಿಡಿದ ಸೊಳ್ಳೆ ಡೆಂಗಿಗೆ ಕೆಟ್ಟುನಿಂತ ಬಸ್ಸಿದ್ದಂತೆ.

ವರ್ಜೀನಿಯಾದ ಕೆವಿನ್ ಮೈಲ್ಸ್ ತಂಡ 2008ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಕಣ್ಣು ತೆರೆಸುತ್ತದೆ. ಸಿಂಡ್‌ಬಿಸ್ ಎಂಬ, ಸೊಳ್ಳೆ ಹೊರುವ, ಚಿಕುನ್‌ಗುನ್ಯಾದ ಸಂಬಂಧಿ ವೈರಾಣುವಿಗೆ ನ್ಯೂಜಿಲೆಂಡಿನ ಆ ಬಿ2 ಪ್ರೋಟೀನನ್ನು ಎರವಲು ಕೊಟ್ಟರು. ಈಳಿಗೆ ಮೊಂಡಾಯಿತು. ವೈರಾಣು ಹಿಂದೆಂದೂ ಇಲ್ಲದಂತೆ ಬೆಳೆಯಿತು. ಸೊಳ್ಳೆಗಳು ಸತ್ತವು. ಮಾಮೂಲು ಸಿಂಡ್‌ಬಿಸ್ ಹೊತ್ತ ಸೊಳ್ಳೆಗಳಿಗೆ ಅಂಥದ್ದೇನೂ ಆಗಿರಲಿಲ್ಲ. ಸೊಳ್ಳೆಯ ರಕ್ಷಣೆಯನ್ನು ಪೂರ್ತಿ ಕೆಡವಬಲ್ಲ ಆಯುಧ ಪ್ರಕೃತಿಯಲ್ಲಿದ್ದರೂ ಇಂಥ ವೈರಾಣುಗಳು ಅದನ್ನು ಇಟ್ಟುಕೊಂಡಿಲ್ಲ. ಈಳಿಗೆ ಅರ್ಧ ಹರಿತವಾಗಿರುವುದು ಸೊಳ್ಳೆಗೂ ಬೇಕು, ವೈರಾಣುವಿಗೂ ಬೇಕು. ಕೀಟದ ರಕ್ಷಣೆಯನ್ನು ವೈರಾಣು ಅಡಗಿಸುತ್ತದೆ ಎಂದಷ್ಟೇ ಹೇಳಿದರೆ ವಿಷಯ ಅರ್ಧ ಹೇಳಿದಂತೆ ಎಂದು ನನಗೆ ಅನ್ನಿಸಿದ್ದು ಈ ಪ್ರಯೋಗ ಓದಿದಾಗ. ಎಷ್ಟು ಅಡಗಿಸಬೇಕೆಂಬ ಅಳತೆ ಮುಂದಿನ ಪ್ರಯಾಣ ಯಾವುದರ ಮೇಲೆ ಎಂಬುದನ್ನು ನೋಡಿಕೊಂಡು ಬರುತ್ತದೆ.

ಹಾಗೆಂದು ಡೆಂಗಿ ಸುಮ್ಮನೆ ಕೂತಿದೆ ಎಂದಲ್ಲ. ಕೋಶದಲ್ಲಿ ಆರ್‌ಎನ್‌ಎಯನ್ನು ಒಂದು ತುದಿಯಿಂದ ಅಗಿಯುತ್ತಾ ಹೋಗುವ ಕಿಣ್ವವೊಂದಿದೆ. ಡೆಂಗಿಯ ಎಳೆಯನ್ನೂ ಅದು ಅಗಿಯುತ್ತದೆ. ಕೊನೆಗೆ ಬಿಗಿಯಾಗಿ ಗಂಟುಹಾಕಿಕೊಂಡ ಭಾಗ ಹಲ್ಲಿಗೆ ಸಿಕ್ಕಿ, ಅಗಿಯಲಾರದೆ ಬಿಟ್ಟುಬಿಡುತ್ತದೆ. ಹೀಗೆ ಉಳಿದ ನಾಲ್ಕೈನೂರು ಅಕ್ಷರಗಳ ಕಸವೇ ಡೆಂಗಿಯ ಕುತಂತ್ರ. ಅದು ಡೈಸರಿಗೆ ಹುಸಿ ಬೇಟೆಯಾಗಿ ನಿಂತು ಅದರ ಹೊತ್ತು ಕಳೆಯುತ್ತದೆ. ಜೊಲ್ಲುಗ್ರಂಥಿಯಲ್ಲಿ, ಮೊದಲು ಹೇಳಿದ ಟೋಲ್ ದಾರಿಯ ರಕ್ಷಣೆಯನ್ನೂ ತಗ್ಗಿಸುತ್ತದೆ. 1994ರಲ್ಲಿ ಪೋರ್ಟೊ ರಿಕೊ ದ್ವೀಪದಲ್ಲಿ ಹಳೆಯ ಡೆಂಗಿ ತಳಿಯನ್ನು ಮೂಲೆಗೆ ತಳ್ಳಿದ ಹೊಸ ತಳಿಯಲ್ಲಿ ಈ ಕಸದ ಪ್ರಮಾಣ ಹೆಚ್ಚಾಗಿತ್ತೆಂದು ಆಮೇಲಿನ ಸಂಶೋಧಕರು ಕಂಡರು.

ಜೇನಿನ ರೆಕ್ಕೆ ಮುರುಟಿಸುವ ವೈರಾಣು ಮತ್ತು ಅದನ್ನು ಹೊತ್ತು ತರುವ ನುಸಿಯ ಜೋಡಿ ಸಂಚು ಇನ್ನೊಂದು ದೊಡ್ಡ ಕಥೆ, ಮತ್ತೊಂದು ವಾರಕ್ಕಿರಲಿ. ಕಣಜದ ಕಥೆಯನ್ನು ಮಾತ್ರ ಬಿಡಲು ಮನಸ್ಸಿಲ್ಲ.

ಮಾಲೂರು, ಕೋಲಾರದ ಕಡೆ ಎಲೆಕೋಸಿನ ತೋಟದಲ್ಲಿ ಎಲೆಯ ಅಡಿ ನೋಡಿದರೆ ಅಕ್ಕಿಕಾಳಿಗಿಂತ ಚಿಕ್ಕ ಬಿಳಿ ಗೂಡು ಕೆಲವೊಮ್ಮೆ ಸಿಗುತ್ತದೆ. ಕೋಸಿನ ವಜ್ರಬೆನ್ನಿನ ಪತಂಗದ ಹುಳುವನ್ನು ಒಳಗಿನಿಂದ ತಿಂದು ಮುಗಿಸಿದ ಕೊಟೇಸಿಯಾ ಎಂಬ ಪುಟ್ಟ ಕಣಜದ ಗೂಡು ಅದು. ಕಣಜ ಹುಳುವಿನ ಮೈಯೊಳಕ್ಕೆ ಮೊಟ್ಟೆ ಚುಚ್ಚುತ್ತದೆ. ಹುಳುವಿನ ರಕ್ತಕಣಗಳು ಇಂಥ ಹೊರಗಿನ ವಸ್ತುವನ್ನು ಸುತ್ತುವರಿದು, ಪದರ ಪದರವಾಗಿ ಅಂಟಿ, ಕಪ್ಪು ಗಟ್ಟಿ ಕಟ್ಟಿ ಉಸಿರುಗಟ್ಟಿಸಬೇಕು. ಕಣಜದ ಮೊಟ್ಟೆಗೆ ಅದಾಗುವುದಿಲ್ಲ. 1981ರಲ್ಲಿ ಅಮೆರಿಕದ ವಿಜ್ಞಾನಿಗಳು ಬೇರೊಂದು ಕಣಜದ ಮೊಟ್ಟೆಗಳನ್ನು ತೊಳೆದು ಹುಳುವಿಗೆ ಚುಚ್ಚಿ ನೋಡಿದರು. ರಕ್ತಕಣಗಳು ಅವನ್ನು ಮುತ್ತಿ ಮುಗಿಸಿದವು. ಕಣಜದ ಅಂಡಾಶಯದ ದ್ರವದಿಂದ ಬೇರ್ಪಡಿಸಿದ ವೈರಾಣು ಕಣಗಳನ್ನು ಜೊತೆಗೆ ಚುಚ್ಚಿದಾಗ ಮೊಟ್ಟೆಗಳು ಉಳಿದವು.

ಇಂಥ ವೈರಾಣುಗಳು ಕಣಜದ ಶತ್ರುಗಳಲ್ಲ. ಸುಮಾರು 10 ಕೋಟಿ ವರ್ಷಗಳ ಹಿಂದೆ ಕೊಟೇಸಿಯಾದ ಪೂರ್ವಜರೊಬ್ಬರಿಗೆ ತಗುಲಿದ ವೈರಾಣು ಅವರ ವರ್ಣತಂತುಗಳಲ್ಲೇ ನೆಲೆನಿಂತು, ಮನೆಮಗನಾಗಿಬಿಟ್ಟಿದೆ. ಹೆಣ್ಣು ಕಣಜದ ಅಂಡಾಶಯದ ಒಂದು ಮೂಲೆಯಲ್ಲಿ ಮಾತ್ರ ಅದರ ಕಣಗಳು ತಯಾರಾಗುತ್ತವೆ. ಆ ಕಣಗಳೊಳಗೆ ವೈರಾಣು ಮರಿಹಾಕಲು ಬೇಕಾದ ಜೀನುಗಳೇ ಇಲ್ಲ, ಹುಳುವಿನ ರಕ್ಷಣೆ ಕೆಡಿಸುವ ಜೀನುಗಳಷ್ಟೇ ಇವೆ. ಒಂದು ರಕ್ತಕಣದ ಅಂಟುಗುಣ ಕಳೆಯುತ್ತದೆ, ಇನ್ನೊಂದು ಕಪ್ಪುಗಟ್ಟುವುದನ್ನು ನಿಲ್ಲಿಸುತ್ತದೆ, ಮತ್ತೊಂದು ಹುಳುವಿನದೇ ಒಂದು ಪ್ರೋಟೀನಿನ ವೇಷ ಹಾಕಿ ಎಚ್ಚರಿಕೆಯ ಗಂಟೆ ಹೊಡೆಯದಂತೆ ಹಿಡಿದುಕೊಳ್ಳುತ್ತದೆ. ಹುಳು ಸತ್ತರೆ ವೈರಾಣುವಿಗೆ ಹೋಗುವುದೇನಿಲ್ಲ, ಬರುವುದೂ ಏನಿಲ್ಲ. ಕಣಜದ ಮರಿ ಬದುಕಿದರೆ ಅದರ ವರ್ಣತಂತುವಿನೊಳಗೆ ಕೂತ ವೈರಾಣುವೂ ಮುಂದಿನ ತಲೆಮಾರಿಗೆ ದಾಟಿದಂತೆ.

ಈ ಆಟಗಳನ್ನು ಕಲಿತ ಮನುಷ್ಯರೂ ಒಂದು ಕೈ ನೋಡಿದ್ದಾರೆ. ಹೈದರಾಬಾದಿನ ಡಿಎನ್‌ಎ ಫಿಂಗರ್‌ಪ್ರಿಂಟಿಂಗ್ ಕೇಂದ್ರದಲ್ಲಿದ್ದ ಜೆ. ನಾಗರಾಜು ಅವರ ತಂಡ ರೇಷ್ಮೆಹುಳುವಿಗೆ ಅದರದೇ ಈಳಿಗೆಯನ್ನು ಮೊದಲೇ ಮಸೆದುಕೊಟ್ಟಿತು. ಎನ್‌ಪಿವಿಯ ಮುಖ್ಯ ಜೀನುಗಳಿಗೆ ತಾಳೆಯಾಗುವ ಜೋಡಿ ಎಳೆಯನ್ನು ಹುಳುವೇ ತಯಾರಿಸುವಂತೆ ಕುಲಾಂತರಿ ಮಾಡಿದರೆ, ವೈರಾಣು ಬರುವ ಹೊತ್ತಿಗೆ ಆರ್ಗೊನಾಟಿನ ಕೈಯಲ್ಲಿ ಚೀಟಿ ಸಿದ್ಧವಾಗಿರುತ್ತದೆ. 2007ರಲ್ಲಿ ಒಂದು ಜೀನಿನ ಮೇಲೆ, 2013ರಲ್ಲಿ ಹಲವು ಜೀನುಗಳ ಮೇಲೆ ಒಟ್ಟಿಗೆ ಗುರಿಯಿಟ್ಟ ಫಲಿತಾಂಶ ಪ್ರಕಟವಾಯಿತು. ಸೋಂಕಿಸಿದರೂ ಉಳಿದ ಹುಳುಗಳ ಸಂಖ್ಯೆ ಎರಡನೆಯದರಲ್ಲಿ ಎದ್ದು ಕಾಣುವಷ್ಟಿತ್ತು. ಆ ಲೇಖನ ಅಚ್ಚಾಗುವ ಮೊದಲೇ, 2012ರ ಕೊನೆಯ ದಿನ ನಾಗರಾಜು ತೀರಿಕೊಂಡರು.

ಇದನ್ನು ಚಿಕ್ಕಮ್ಮನಿಗೆ ಹೇಳಿದೆ. ಅವರು ಸುಣ್ಣದ ಪುಡಿ ಜಾಲಿಸುತ್ತಿದ್ದರು. ‘ಅಂಗಾರೆ ಆ ಮೊಟ್ಟೆ ಎಲ್ಲಿ ಕೊಡ್ತಾರೆ?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಮಾರನೇ ಬೆಳಿಗ್ಗೆ ಹುಳುಗಳು ಜ್ವರದಿಂದ ಎದ್ದಿದ್ದವು. ಹೊಸ ಚರ್ಮ ಇನ್ನೂ ಸಡಿಲವಾಗಿ, ಸುಕ್ಕುಸುಕ್ಕಾಗಿತ್ತು. ಸೊಪ್ಪು ಹಾಕಿದ ಕೂಡಲೇ ಹೆಂಚಿನ ಮೇಲೆ ಸೋನೆ ಬಿದ್ದಂತೆ ಸದ್ದು ಶುರುವಾಯಿತು. ಚಿಕ್ಕಮ್ಮ ಕಡ್ಡಿ ಹಿಡಿದು ತಟ್ಟೆಯ ಅಂಚನ್ನೇ ನೋಡುತ್ತಾ ಒಂದು ಸುತ್ತು ಬಂದರು. ಮೂರನೇ ತಟ್ಟೆಯ ಬಳಿ ನಿಂತು ಬಗ್ಗಿದರು.